ನಿಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ ಪ್ರಾಸ ಹುಡುಕುವುದು ಹೇಗೆ?

ನವೀನ್ ಅಂತ ಹೆಸರಿದ್ದರೆ ಕೆಲಸ ಸುಲಭ. ಗ್ರೀನ್, ಕ್ವೀನ್, ಸೀನ್, ಮಷೀನ್ ಅಂತ ಪದಗಳು ತಾವಾಗಿಯೇ ಬರುತ್ತವೆ. ಸುರೇಶ್ ಅಂತಿದ್ದರೆ ತಡವರಿಸಬೇಕಾಗುತ್ತದೆ. ಭಾವನಾ ಅಂದರೆ ಮೊದಲು ಬನಾನ ನೆನಪಾಗುತ್ತದೆ, ಆದರೆ ಜೋರಾಗಿ ಓದಿ ನೋಡಿದರೆ ಅದು ಸರಿಯಾಗಿ ಕೂರುವುದಿಲ್ಲ. ಇನ್ನು ತುಂಗಾ ಅನ್ನುವ ಹೆಸರಿಗೆ ಬಳಕೆಯ ಇಂಗ್ಲಿಷ್ ಪದಗಳಲ್ಲಿ ಎಷ್ಟು ಜಾಲಾಡಿದರೂ ಒಂದು ಜೋಡಿ ಸಿಗುವುದಿಲ್ಲ.

ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಸ್ಕೂಲ್ ಡೇ ಹತ್ತಿರ ಬಂದಾಗ, ಗೆಳತಿಯ ಹುಟ್ಟುಹಬ್ಬಕ್ಕೆ ಕಾರ್ಡ್ ಬರೆಯುವಾಗ, ಹತ್ತನೇ ಕ್ಲಾಸಿನವರ ಸೆಂಡಾಫ್ ಹೊತ್ತಿಗೆ ಮಕ್ಕಳು ಬಂದು ಕೇಳುತ್ತಾರೆ: "ಮಿಸ್, ಇವಳ ಹೆಸರಿಗೆ ರೈಮ್ ಆಗೋ ವರ್ಡ್ ಒಂದು ಹೇಳಿ." ಒಂದು ಪದ ಕೊಟ್ಟು ಕಳಿಸಬಹುದು. ಆದರೆ ಪದ ಹುಡುಕುವ ದಾರಿ ಗೊತ್ತಾದರೆ ಮಕ್ಕಳಿಗೆ ಇಂಗ್ಲಿಷ್ ಉಚ್ಚಾರಣೆಯ ಅರ್ಧ ಗುಟ್ಟು ಸಿಕ್ಕಿದ ಹಾಗೆ ಅಂತ ನಾನು ನಂಬಿದ್ದೇನೆ. ಕನ್ನಡ ಕಿವಿ ಪ್ರಾಸವನ್ನು ಎಲ್ಲಿ ಕೇಳುತ್ತದೆ, ಇಂಗ್ಲಿಷ್ ಕಿವಿ ಎಲ್ಲಿ ಕೇಳುತ್ತದೆ ಅನ್ನುವುದೂ ಇದರಲ್ಲೇ ತಿಳಿಯುತ್ತದೆ.

ಇಂಗ್ಲಿಷಿನ ನಿಯಮ ಚಿಕ್ಕದು. ಆ ಭಾಷೆಯ ಪದದಲ್ಲಿ ದನಿ ಜೋರಾಗಿ ಬೀಳುವ ಒಂದು ಜಾಗ ಇರುತ್ತದೆ. ಅದನ್ನು ಒತ್ತು ಅನ್ನೋಣ. ಒತ್ತು ಬಿದ್ದ ಸ್ವರ ಯಾವುದು ಅಂತ ಹಿಡಿಯಿರಿ. ಆ ಸ್ವರದಿಂದ ಪದದ ಕೊನೆಯವರೆಗೆ ಇರುವ ಸದ್ದು ಎರಡೂ ಪದಗಳಲ್ಲಿ ಒಂದೇ ಆಗಿರಬೇಕು. ಆ ಸ್ವರಕ್ಕೆ ಅಂಟಿಕೊಂಡು ಮುಂಚೆ ಬರುವ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಇಷ್ಟೇ.

ನವೀನ್ ತಗೊಳ್ಳಿ. ದನಿ ಬೀಳುವುದು 'ವೀ' ಮೇಲೆ. ವಕಾರ ತೆಗೆದರೆ ಉಳಿಯುವುದು 'ಈನ್'. ಇದನ್ನು ಹೆಸರಿನ ಬಾಲ ಅಂತ ಕರೆಯೋಣ. ಮುಂದಿರುವ 'ನ' ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಒಂದೇ ಉಸಿರಿನ ಗ್ರೀನ್ ಎಂಬ ಪದ ನವೀನನಿಗೆ ಪೂರ್ತಿ ಪ್ರಾಸ ಆಗುತ್ತದೆ. ನಿಯಮದ ಎರಡನೇ ಅರ್ಧವನ್ನು ನಮ್ಮ ಮಕ್ಕಳು ಮರೆಯುವುದು ಜಾಸ್ತಿ. ನವೀನ್, ಪ್ರವೀಣ್ ಎರಡನ್ನೂ ಜೋಡಿ ಮಾಡಿದರೆ ನಮಗೆ ಖುಷಿ ಆಗುತ್ತದೆ. ಇಂಗ್ಲಿಷ್ ಕಿವಿಗೆ ಅದು ಸಪ್ಪೆ. ಎರಡರಲ್ಲೂ 'ವೀನ್' ಅಂತಲೇ ಕೇಳುವುದರಿಂದ ಹೇಳಿದ್ದನ್ನೇ ಮತ್ತೆ ಹೇಳಿದ ಹಾಗಾಗುತ್ತದೆ. ಬಾಲ ಒಂದೇ, ತಲೆ ಬೇರೆ: ಹಾಗಿದ್ದಾಗ ಮಾತ್ರ ಅವರಿಗೆ ಅದು ಪ್ರಾಸ.

ಒತ್ತು ಪದದ ಹಿಂದುಹಿಂದಕ್ಕೆ ಹೋದಷ್ಟೂ ಬಾಲ ಉದ್ದ ಆಗುತ್ತದೆ. ಬಾಲ ಉದ್ದ ಆದಷ್ಟೂ ಜೋಡಿ ಸಿಗುವುದು ಕಷ್ಟ. ನೀಲ್ ಅನ್ನುವ ಹೆಸರಿನ ಬಾಲ 'ಈಲ್'. ಬೇಕಾದಷ್ಟು ಪದ ಇವೆ. ಮೀರಾ ಅಂದರೆ ಬಾಲ 'ಈರಾ'. ಪದ ಇವೆ, ಆದರೆ ಕಡಿಮೆ. ಶಾರದಾ ಅಂದರೆ 'ಆ' ಇಂದ ಹಿಡಿದು 'ರದಾ' ಪೂರ್ತಿ ಹೊಂದಬೇಕು. ಅಲ್ಲಿ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಇದೆಲ್ಲ ಕಿವಿಯ ಲೆಕ್ಕ, ಸ್ಪೆಲ್ಲಿಂಗಿನದ್ದಲ್ಲ. ಇಂಗ್ಲಿಷಿನಲ್ಲಿ ಟಫ್, ಕಾಫ್, ದೋ, ಥ್ರೂ ಈ ನಾಲ್ಕೂ ಪದಗಳ ಕೊನೆಯಲ್ಲಿ ಒಂದೇ ನಾಲ್ಕು ಅಕ್ಷರಗಳಿವೆ: ಒ, ಯು, ಜಿ, ಎಚ್. ಓದುವಾಗ ಒಂದಕ್ಕೊಂದು ಸಂಬಂಧವೇ ಇಲ್ಲ. ಅತ್ತ ಸ್ಕೈ, ಹೈ, ಬೈ ಇವುಗಳ ಸ್ಪೆಲ್ಲಿಂಗ್ ಬೇರೆ ಬೇರೆ. ಕಿವಿಗೆ ಮೂರೂ ಒಂದೇ ಬಾಲದವು. ಕನ್ನಡದಲ್ಲಿ ಬರೆದಂತೆ ಓದಿ ಅಭ್ಯಾಸವಾದ ನಮಗೆ ಇದು ಒಗ್ಗಲು ಸ್ವಲ್ಪ ಕಾಲ ಬೇಕು.

ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಈ ತೊಡಕು ಇನ್ನೂ ಹೆಚ್ಚುತ್ತದೆ. ವಿನಯ್, ವಿಜಯ್, ಅಭಯ್ ಈ ಹೆಸರುಗಳ ಕೊನೆಗೆ ಎ, ವೈ ಎಂಬ ಎರಡು ಅಕ್ಷರ ಬರುತ್ತವೆ. ಅದನ್ನು ನೋಡಿದ ಇಂಗ್ಲಿಷ್ ಓದುಗ ಡೇ, ಪ್ಲೇ, ವೇ ನೆನೆಸಿಕೊಂಡು 'ವಿನೇ' ಅನ್ನುತ್ತಾನೆ. ನಾವು ಹೇಳುವುದು 'ನಯ್'. ಅದು ಮೈ, ಸ್ಕೈ, ಟ್ರೈಗಳ ಹತ್ತಿರದ ಸದ್ದು. ಹಾಗಾಗಿ ವಿನಯನಿಗೆ ಸರಿಯಾದ ಜೋಡಿ ಸ್ಕೈ, ಡೇ ಅಲ್ಲ. ಗೀತಾ ಇನ್ನೊಂದು ಬಗೆ. ನಮ್ಮ ಕಡೆ ತಕಾರಕ್ಕೆ ಟಿ, ಎಚ್ ಎರಡನ್ನೂ ಬರೆಯುವ ರೂಢಿ. ಟಕಾರಕ್ಕೆ ಬರೀ ಟಿ. ಇದು ತಿಳಿಯದವರು ಗೀತಾಳ ತಕಾರವನ್ನು 'ಥಿಂಕ್' ಪದದ ಮೊದಲ ಸದ್ದಿನ ಹಾಗೆ ನಾಲಿಗೆ ಹಲ್ಲಿಗೆ ತಾಗಿಸಿ, ಗಾಳಿ ಬಿಟ್ಟು ಹೇಳುತ್ತಾರೆ. ಅಲ್ಲಿಗೆ ಪ್ರಾಸವೇ ಬದಲಾಯಿತು. ಆದ್ದರಿಂದ ಹೆಸರನ್ನು ಕಾಗದದ ಮೇಲೆ ನೋಡಬೇಡಿ. ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಜೋರಾಗಿ ಹೇಳಿ, ಅದನ್ನು ಕೇಳಿಸಿಕೊಳ್ಳಿ.

ಈಗ ಭಾವನಾ–ಬನಾನದ ವಿಷಯ. ಎರಡರ ಕೊನೆಗೂ 'ನಾ' ಇದೆ. ಹಾಗಿದ್ದರೂ ಯಾಕೆ ಕೂರುವುದಿಲ್ಲ?

ಕನ್ನಡದಲ್ಲಿ ಅಕ್ಷರಗಳು ಮಾತ್ರೆಯ ಲೆಕ್ಕದಲ್ಲಿ ನಡೆಯುತ್ತವೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಯಾವ ಅಕ್ಷರವನ್ನೂ ನಾವು ನುಂಗುವುದಿಲ್ಲ, ಯಾವುದನ್ನೂ ಜಾಸ್ತಿ ಗುದ್ದುವುದಿಲ್ಲ. ಇಂಗ್ಲಿಷ್ ಹಾಗಲ್ಲ. ಅಲ್ಲಿ ಒಂದು ಅಕ್ಷರ ದನಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಪಕ್ಕದವು ಸೊರಗುತ್ತವೆ. ಬನಾನ ಪದದಲ್ಲಿ ಭಾರವೆಲ್ಲ ನಡುವಿನ 'ನಾ' ಮೇಲೆ. ಮೊದಲ 'ಬ' ಮತ್ತು ಕೊನೆಯ 'ನ' ಎರಡೂ ತೆಳು. ಅದರ ಬಾಲ 'ಆನ'. ಭಾವನಾ ಹೆಸರಿನಲ್ಲಿ ಭಾರ ಮೊದಲ 'ಭಾ' ಮೇಲೆ. ಅದರ ಬಾಲ 'ಆವನಾ'. ಎರಡು ಬಾಲಗಳೂ ಬೇರೆ. ಅರ್ಚನಾ, ಸಾಧನಾ, ಕಲ್ಪನಾ ಎಲ್ಲರದ್ದೂ ಇದೇ ಕಥೆ. ಸುಹಾನಾ, ಶಬಾನಾ ಅಂತ ಹೆಸರಿದ್ದರೆ ಬನಾನ ಚೆನ್ನಾಗಿ ಹೊಂದುತ್ತದೆ. ಅಲ್ಲಿ ನಡುವಿನ ಅಕ್ಷರವೇ ದೀರ್ಘ. ಇಂಗ್ಲಿಷ್ ಬಾಯಿ ತಾನಾಗಿ ಅಲ್ಲೇ ಒತ್ತು ಹಾಕುತ್ತದೆ.

ಇದರಿಂದ ಒಂದು ಉಪಯೋಗದ ಸೂತ್ರ ಸಿಗುತ್ತದೆ. ನಮ್ಮ ಹೆಸರಿನಲ್ಲಿ ಒತ್ತು ಎಲ್ಲಿದೆ ಅಂತ ಗೊತ್ತಾಗದಿದ್ದರೆ ದೀರ್ಘಾಕ್ಷರ ಹುಡುಕಿ. ಕೊನೆಯ 'ಆ', 'ಈ'ಗಳನ್ನು ಬಿಟ್ಟು, ಹಿಂದಿನಿಂದ ನೋಡುತ್ತಾ ಬಂದರೆ ಮೊದಲು ಸಿಗುವ ದೀರ್ಘಾಕ್ಷರದ ಮೇಲೆ ಸಾಮಾನ್ಯವಾಗಿ ಭಾರ ಬೀಳುತ್ತದೆ. ಕಾವೇರಿಯಲ್ಲಿ 'ವೇ'. ಆದ್ದರಿಂದ ಬಾಲ 'ಏರಿ'. ಫೇರಿ, ಡೇರಿ, ಸ್ಕೇರಿ ಎಲ್ಲ ಬಂದವು. ಪ್ರಕಾಶದಲ್ಲಿ 'ಕಾ'. ಗಿರಿಜಾ ಥರದ ಹೆಸರಲ್ಲಿ ನಡುವೆ ದೀರ್ಘವೇ ಇಲ್ಲ. ಆಗ ಭಾರ ಮೊದಲ ಅಕ್ಷರಕ್ಕೆ ಹೋಗುತ್ತದೆ, ಬಾಲ ಉದ್ದವಾಗುತ್ತದೆ, ಹುಡುಕಾಟ ಕಷ್ಟವಾಗುತ್ತದೆ.

ಇಂಗ್ಲಿಷಿನವರು ಒತ್ತು ಬದಲಿಸಿದರೆ ಅರ್ಥವೇ ಬದಲಾಗುವುದೂ ಉಂಟು. ಕಾಂಟ್ರರಿ ಅನ್ನುವ ಪದದ ಮೊದಲಿಗೆ ಒತ್ತು ಹಾಕಿದರೆ 'ವಿರುದ್ಧ' ಅಂತ. ನಡುವೆ ಒತ್ತು ಹಾಕಿ 'ಕಂಟ್ರೇರಿ' ಅಂದರೆ ಹಟಮಾರಿ. ಕಾವೇರಿಗೆ ಪ್ರಾಸ ಆಗುವುದು ಎರಡನೆಯದು ಮಾತ್ರ.

ಇಲ್ಲಿಂದ ಮುಂದೆ ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲೆಂಡಿನ ಮಾನಕ ಉಚ್ಚಾರಣೆಯಲ್ಲಿ ಪದದ ಕೊನೆಯ ರಕಾರ ಕೇಳಿಸುವುದಿಲ್ಲ. ಇನ್ನೂ ಸಿಹಿ ಎಂಬ ಅರ್ಥದಲ್ಲಿ ಸ್ವೀಟರ್ ಅಂತ ನಾವು ಹೇಳುವುದನ್ನು ಅವರು 'ಸ್ವೀಟ' ಅನ್ನುತ್ತಾರೆ. ಲೀಟರ್ 'ಲೀಟ' ಆಗುತ್ತದೆ. ವ್ಯಂಜನದ ಹಿಂದಿನ ರಕಾರವೂ ಮಾಯ. ಲಾರ್ಜ್ 'ಲಾಜ್', ಮಾರ್ಶ್ 'ಮಾಶ್'. ಈಗ ನಮ್ಮ ಹೆಸರುಗಳನ್ನು ಇದರ ಪಕ್ಕ ಇಟ್ಟು ನೋಡಿ. ನಮ್ಮ ಹೆಣ್ಣುಮಕ್ಕಳ ಹೆಸರು ಬಹಳಷ್ಟು ಆಕಾರದಲ್ಲೇ ಮುಗಿಯುತ್ತವೆ. ಆಕಾರದಲ್ಲಿ ಮುಗಿಯುವ ಇಂಗ್ಲಿಷ್ ಪದ ಕಡಿಮೆ. ಚೀಟಾ, ಪೂಮಾ, ಪಪಾಯ ಥರದ ಹೊರಗಿನಿಂದ ಬಂದ ಪದಗಳೇ ಹೆಚ್ಚು. ಆದರೆ ರಕಾರ ಬಿದ್ದುಹೋದ ಕೂಡಲೇ ಸಾವಿರಾರು ಪದ ಆಕಾರದ ಹತ್ತಿರಕ್ಕೆ ಬಂದುಬಿಡುತ್ತವೆ. ಗೀತಾ, ಸೀತಾ, ನೀತಾಗೆ ಸ್ವೀಟರ್, ಮೀಟರ್, ಲೀಟರ್. ಮೀರಾಗೆ ನಿಯರರ್, ಕ್ಲಿಯರರ್. ಮಾಯಾಗೆ ಹೈಯರ್, ಫೈಯರ್, ಜೊತೆಗೆ ಪಪಾಯ. ಸುಮಾಗೆ ಹ್ಯೂಮರ್, ರೂಮರ್. ಗಂಗಾಗೆ ಹಂಗರ್, ಯಂಗರ್. ಗಂಡು ಹೆಸರುಗಳಿಗೂ ಲಾಭ ಇದೆ. ರಾಜ್ ಎಂಬ ಹೆಸರಿಗೆ ಲಾರ್ಜ್, ಚಾರ್ಜ್. ಪ್ರಕಾಶ್, ಆಕಾಶ್‌ಗೆ ಹಾರ್ಶ್, ಮಾರ್ಶ್.

ಆದರೆ ಅಮೆರಿಕದವರು ರಕಾರವನ್ನು ಗಟ್ಟಿಯಾಗಿ ಹೇಳುತ್ತಾರೆ. ನಾವೂ ಹೇಳುತ್ತೇವೆ. ಹೀಗಾಗಿ ಶಿವಮೊಗ್ಗದ ವೇದಿಕೆಯ ಮೇಲೆ 'ಗೀತಾ–ಸ್ವೀಟರ್' ಅಂತ ಓದಿದರೆ ಯಾರಿಗೂ ಅದು ಪ್ರಾಸ ಅನ್ನಿಸುವುದಿಲ್ಲ. ಲಂಡನ್ನಿನಲ್ಲಿರುವ ಅಣ್ಣನ ಮಗುವಿಗೆ ಕಾರ್ಡ್ ಬರೆಯುತ್ತಿದ್ದರೆ ಅದೇ ಜೋಡಿ ಚೆನ್ನಾಗಿ ಕೇಳುತ್ತದೆ. ಓದುವವರು ಯಾರು ಅಂತ ಮೊದಲು ಕೇಳಿಕೊಳ್ಳಿ. ಇಲ್ಲಿನ ಮಕ್ಕಳಿಗಾದರೆ ಗೀತಾಗೆ ಚೀಟಾ ಸುರಕ್ಷಿತ. ಅದರಲ್ಲಿ ರಕಾರದ ಗೊಡವೆ ಇಲ್ಲ. ನಮ್ಮ ತ ಮತ್ತು ಅವರ ಟ ಬೇರೆ ಅಲ್ವಾ ಅಂತ ಕೇಳಬಹುದು. ನಮ್ಮ ಕಿವಿಗೆ ಬೇರೆ. ಆದರೆ ಇಂಗ್ಲಿಷ್ ತನ್ನಲ್ಲಿ ಆ ಎರಡನ್ನು ಬೇರೆ ಮಾಡುವುದಿಲ್ಲ. ಅವರ ಟಕಾರ ನಮ್ಮ ತ ಮತ್ತು ಟಗಳ ನಡುವೆ ಎಲ್ಲೋ ಹುಟ್ಟುತ್ತದೆ. ನ ಮತ್ತು ಣ, ಲ ಮತ್ತು ಳ ಕೂಡ ಅವರಿಗೆ ಒಂದೇ.

ಗಂಗಾ ಹೆಸರಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಇಂಗ್ಲಿಷಿನ ಸಿಂಗರ್ ಮತ್ತು ಫಿಂಗರ್ ಕಣ್ಣಿಗೆ ಜೋಡಿಯಂತೆ ಕಾಣುತ್ತವೆ. ಕಿವಿಗೆ ಅಲ್ಲ. ಫಿಂಗರ್ ಪದದಲ್ಲಿ ಗಕಾರ ಸ್ಪಷ್ಟವಾಗಿದೆ. ಸಿಂಗರ್ ಪದದಲ್ಲಿ ಗಕಾರ ಇಲ್ಲ, ಬರೀ ಮೂಗಿನ ಸದ್ದು. ನಮ್ಮ ಗಂಗೆಯಲ್ಲಿ ಗಕಾರ ಗಟ್ಟಿ. ಆದ್ದರಿಂದ ಹಂಗರ್, ಯಂಗರ್ ಸರಿ. ತುಂಗೆಗೆ ಮಾತ್ರ ಈ ಬಾಗಿಲೂ ಇಲ್ಲ. 'ಉಂಗಾ' ಅನ್ನುವ ಬಾಲದ ಬಳಕೆಯ ಪದ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

ಆದರೆ ಕನ್ನಡದಲ್ಲಿ ತುಂಗೆಗೆ ಪ್ರಾಸ ಎಷ್ಟು ಬೇಕು? ತೆಂಗು, ಹೊಂಗೆ, ಮುಂಗಾರು, ಸಂಗ, ಬಂಗಾರ. ಇಲ್ಲಿ ಕೊನೆ ಹೊಂದುತ್ತಿಲ್ಲವಲ್ಲ ಅಂತ ಇಂಗ್ಲಿಷ್ ಓದಿದ ಮಗು ಕೇಳುತ್ತದೆ. ನಮ್ಮ ಹಳೆಯ ಪ್ರಾಸ ಕೊನೆಯಲ್ಲಿ ಇರುವುದೇ ಅಲ್ಲ. ಅದು ಸಾಲಿನ ಮೊದಲಲ್ಲಿ, ಎರಡನೇ ಅಕ್ಷರದಲ್ಲಿ ಇರುತ್ತದೆ. ಅದಕ್ಕೇ ಆದಿಪ್ರಾಸ, ದ್ವಿತೀಯಾಕ್ಷರ ಪ್ರಾಸ ಅನ್ನುವ ಹೆಸರು. 9ನೇ ಶತಮಾನದ ಕವಿರಾಜಮಾರ್ಗವೇ ಪ್ರಾಸದ ಬಗ್ಗೆ ಮಾತಾಡುತ್ತದೆ. ಅಲ್ಲಿಂದ ಸಾವಿರ ವರ್ಷ ನಮ್ಮ ಕವಿಗಳು ಅದನ್ನು ಬಿಡಲಿಲ್ಲ. 1911ರ ಹೊತ್ತಿಗೆ ಮಂಜೇಶ್ವರ ಗೋವಿಂದ ಪೈ ಅದನ್ನು ಬಿಟ್ಟು ಬರೆದಾಗ ಅದೊಂದು ದೊಡ್ಡ ಸುದ್ದಿಯಾಯಿತು.

ಎರಡೂ ಭಾಷೆಗಳ ನಿಯಮವನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ತಲೆಕೆಳಗು. ಇಂಗ್ಲಿಷಿಗೆ ಸ್ವರ ಒಂದೇ ಆಗಬೇಕು, ಅದರ ಮುಂಚಿನ ವ್ಯಂಜನ ಬೇರೆಯಾಗಬೇಕು. ನಮ್ಮ ಆದಿಪ್ರಾಸಕ್ಕೆ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಬೇಕು, ಅದರ ಜೊತೆಗಿನ ಸ್ವರ ಯಾವುದಾದರೂ ನಡೆಯುತ್ತದೆ. ತುಂಗಾ, ತೆಂಗು, ಹೊಂಗೆ ಮೂರರಲ್ಲೂ ಗಕಾರ ನಿಂತಿದೆ, ಸ್ವರ ಮಾತ್ರ ಆ, ಉ, ಎ ಅಂತ ಬದಲಾಗಿದೆ. ಮೊದಲ ಅಕ್ಷರದ ತೂಕವೂ ಹೊಂದಬೇಕು. ಹ್ರಸ್ವಕ್ಕೆ ಹ್ರಸ್ವ, ದೀರ್ಘಕ್ಕೆ ದೀರ್ಘ, ಸೊನ್ನೆಗೆ ಸೊನ್ನೆ. ಈ ತೂಕದ ಮೇಲೆ ನಮ್ಮ ಛಂದಸ್ಸಿನವರು ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟರು. ಮೊದಲಕ್ಷರ ಹ್ರಸ್ವವಾದರೆ ಸಿಂಹಪ್ರಾಸ: ನವೀನ, ಕವಿ, ಸವಿ. ದೀರ್ಘವಾದರೆ ಗಜಪ್ರಾಸ: ಗೀತಾ, ಮಾತು, ಸೋತ. ಅನುಸ್ವಾರ ಬಂದರೆ ವೃಷಭ: ನಮ್ಮ ತುಂಗೆ ಇಲ್ಲಿ ಸೇರುತ್ತಾಳೆ. ವಿಸರ್ಗ ಬಂದರೆ ಅಜ. ಎರಡನೇ ಅಕ್ಷರ ಬೇರೆ ಬೇರೆ ವ್ಯಂಜನಗಳ ಒತ್ತಕ್ಷರ ಆದರೆ ಶರಭ: ವಿದ್ಯಾ, ಪದ್ಯ, ಗದ್ಯ. ಒಂದೇ ವ್ಯಂಜನ ಇಮ್ಮಡಿಯಾದರೆ ಹಯ: ಅಪ್ಪಿ, ತುಪ್ಪ, ಸೊಪ್ಪು.

ಇಂಗ್ಲಿಷ್ ಕೂಡ ಮೊದಲಿನಿಂದ ಸಾಲಿನ ಕೊನೆಗೆ ಕಿವಿ ಕೊಟ್ಟದ್ದಲ್ಲ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಒತ್ತು ಬಿದ್ದ ಪದಗಳ ಮೊದಲ ಸದ್ದು ಹೊಂದುತ್ತಿತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪ್ರಭಾವ ಬೆಳೆಯಿತು. ಕೊನೆಯ ಪ್ರಾಸ ಬೇರೂರಿದ್ದು ಆಮೇಲೆ. ಆದ್ದರಿಂದ ಕೊನೆಗೆ ಪ್ರಾಸ ಸಿಗದ ಹೆಸರಿಗೆ ಮೊದಲ ಸದ್ದನ್ನು ಹೊಂದಿಸಿ 'ಸೂಪರ್ ಸ್ಟಾರ್ ಸುರೇಶ್' ಅಂದರೆ ಅದು ಕೆಳದರ್ಜೆಯ ಉಪಾಯ ಏನಲ್ಲ. ಆ ಭಾಷೆಯ ಅತಿ ಹಳೆಯ ಪದ್ಧತಿಯೇ ಅದು.

ಸರಿ, ಕೈಯಲ್ಲಿ ಪುಸ್ತಕ ಇಲ್ಲ, ಫೋನೂ ಇಲ್ಲ ಅಂದುಕೊಳ್ಳಿ. ಪದ ಹುಡುಕುವುದು ಹೇಗೆ? ನಮ್ಮ ಮಕ್ಕಳ ಹತ್ತಿರ ಒಂದು ಒಳ್ಳೆಯ ಸಲಕರಣೆ ಮೊದಲೇ ಇದೆ: ಕ ಖ ಗ ಘ. ಹೆಸರಿನ ಬಾಲವನ್ನು ತಗೊಂಡು ವ್ಯಂಜನಗಳಿಗೆ ಒಂದೊಂದಾಗಿ ಅಂಟಿಸುತ್ತಾ ಹೋಗಬೇಕು. ನೀಲ್ ಅಂದರೆ 'ಈಲ್'. ಕೀಲ್, ಇದೆ: ಹಡಗಿನ ತಳದ ಉದ್ದ ತೊಲೆ. ಗೀಲ್, ಇಲ್ಲ. ಟೀಲ್, ಇದೆ: ಒಂದು ಜಾತಿಯ ಬಾತು, ಅದರ ಬಣ್ಣವೂ ಹೌದು. ಡೀಲ್ ಇದೆ. ನೀಲ್ ಕೂಡ ಇದೆ, ಮಂಡಿಯೂರು ಅಂತ ಅರ್ಥ. ಆದರೆ ಹೆಸರಿನದ್ದೇ ಸದ್ದಾದ್ದರಿಂದ ಬೇಡ. ಪೀಲ್, ಫೀಲ್, ಮೀಲ್, ರೀಲ್, ವೀಲ್, ಸೀಲ್, ಹೀಲ್. ಒಂದು ಸುತ್ತು ಮುಗಿದ ಮೇಲೆ ಒತ್ತಕ್ಷರಗಳ ಸುತ್ತು: ಬ್ಲ, ಬ್ರ, ಕ್ಲ, ಕ್ರ, ಸ್ಟ, ಸ್ಟ್ರ, ಸ್ಪ್ರ. ಸ್ಟೀಲ್, ಸ್ಕ್ವೀಲ್ ಸಿಗುತ್ತವೆ. ಇಂಗ್ಲಿಷ್ ವರ್ಣಮಾಲೆಯ ಎ, ಬಿ, ಸಿ ಹಿಡಿದು ಹೋಗುವುದಕ್ಕಿಂತ ಇದು ಒಳ್ಳೆಯದು. ನಮ್ಮ ವರ್ಣಮಾಲೆ ಸದ್ದಿನ ಕ್ರಮದಲ್ಲೇ ಜೋಡಿಸಿದ್ದು, ಚಕಾರ ಶಕಾರ ಎರಡಕ್ಕೂ ಅದರಲ್ಲಿ ಬೇರೆ ಮನೆ ಇದೆ.

ಇಲ್ಲಿ ಒಂದು ಎಚ್ಚರಿಕೆ. ಹೀಗೆ ಸುತ್ತು ಹಾಕುವಾಗ ಬೇಡದ ಪದಗಳೂ ಸಿಗುತ್ತವೆ. ಗೀತಾಗೆ ಚೀಟರ್ ಸಿಗುತ್ತದೆ. ಮಾಯಾಗೆ ಲೈಯರ್ ಸಿಗುತ್ತದೆ. ಕ್ಲಾಸಿನಲ್ಲಿ ಇಂಥದ್ದು ಒಂದು ಸಲ ಬಾಯಿಗೆ ಬಂದರೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಮಗುವಿಗೆ ತನ್ನ ಹೆಸರೇ ಬೇಡವಾಗುವಷ್ಟು ನೋವು ಅದರಿಂದ ಆಗಬಹುದು. ಬೋರ್ಡಿನ ಮೇಲೆ ಪಟ್ಟಿ ಬರೆಯುವ ಟೀಚರುಗಳು ದಯವಿಟ್ಟು ಈ ಪದಗಳನ್ನು ಮೊದಲೇ ಮನಸ್ಸಿನಲ್ಲಿ ನೋಡಿಕೊಂಡು ಬಿಟ್ಟುಬಿಡಿ.

ಈಗ ಗಟ್ಟಿ ಹೆಸರುಗಳಿಗೆ ಬರೋಣ. ಸುರೇಶ್, ರಮೇಶ್, ಗಣೇಶ್, ಮಹೇಶ್. ಮಲೆನಾಡಿನ ಯಾವ ಊರಿಗೆ ಹೋಗಿ ಕೂಗಿದರೂ ಇವರಲ್ಲಿ ಒಬ್ಬರು ತಿರುಗಿ ನೋಡುತ್ತಾರೆ. ಆದರೆ ದೀರ್ಘ 'ಏಶ್' ಅನ್ನುವ ಬಾಲ ಇಂಗ್ಲಿಷಿಗೆ ಹೊಂದಿದ್ದಲ್ಲ. ಆಗ ಹತ್ತಿರದ ಸದ್ದಿಗೆ ಹೋಗಬೇ‌ಕು. ಎರಡು ದಾರಿ ಇವೆ. ಶಕಾರ ಉಳಿಸಿಕೊಂಡು ಸ್ವರ ಬಿಟ್ಟರೆ ಫ್ರೆಶ್, ಮೆಶ್. ಸ್ವರ ಉಳಿಸಿಕೊಂಡು ಶಕಾರದ ಬದಲು ಸಕಾರ ತಗೊಂಡರೆ ರೇಸ್, ಪ್ಲೇಸ್, ಗ್ರೇಸ್, ಫೇಸ್. ನಾನು ಎರಡನೆಯದನ್ನೇ ಆರಿಸುತ್ತೇನೆ. ದೀರ್ಘ ಸ್ವರ ಕಿವಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಶ ಮತ್ತು ಸ ಅಕ್ಕಪಕ್ಕದ ಸದ್ದುಗಳು. 'ಫ್ರೆಶ್' ಜೊತೆ ಸುರೇಶನನ್ನು ನಿಲ್ಲಿಸಿದರೆ ಹೆಸರೇ ಗಿಡ್ಡವಾದಂತೆ ಕೇಳುತ್ತದೆ. ಸಂತೋಷನ ಕಥೆಯೂ ಹೀಗೇ. ದೀರ್ಘ 'ಓಶ್' ಬಾಲದ ಪದ ಅಂದರೆ ಗೋಶ್. ಫ್ರೆಂಚಿನಿಂದ ಬಂದದ್ದು, ನಯ ನಾಜೂಕಿಲ್ಲದ ಅಂತ ಅರ್ಥ. ಹುಟ್ಟುಹಬ್ಬದ ಕಾರ್ಡಿಗೆ ಅದು ಖಂಡಿತ ಬೇಡ. ಕ್ಲೋಸ್, ಡೋಸ್ ಅಂತ ಸಕಾರಕ್ಕೆ ಹೋಗುವುದೇ ವಾಸಿ.

ಇನ್ನೊಂದು ದಾರಿ ಎರಡು ಪದ ಸೇರಿಸಿ ಒಂದು ಬಾಲ ಮಾಡುವುದು. ವಿದ್ಯಾ ಅನ್ನುವ ಹೆಸರಿಗೆ ಒಂಟಿ ಪದ ಸಿಗುವುದಿಲ್ಲ. ಮಾತಿನಲ್ಲಿ 'ಯೂ' ಎಂಬುದನ್ನು 'ಯಾ' ಅಂತ ಸಡಿಲವಾಗಿ ಹೇಳುವ ರೂಢಿ ಇಂಗ್ಲಿಷಿನಲ್ಲಿದೆ. 'ಡಿಡ್ ಯಾ' ಅಂದರೆ ವಿದ್ಯಾಗೆ ಸರಿಯಾಗಿ ಹೊಂದುತ್ತದೆ. ದಿವ್ಯಾಗೆ 'ಗಿವ್ ಯಾ'. ಅವಳ ಅದೃಷ್ಟ ಇನ್ನೂ ದೊಡ್ಡದು. ಟ್ರಿವಿಯಾ, ಒಲಿವಿಯಾ, ಬೊಲಿವಿಯಾ ಕೂಡ ಬೇಗ ಹೇಳಿದಾಗ ದಿವ್ಯಾ ಪಕ್ಕ ಬಂದು ನಿಲ್ಲುತ್ತವೆ. ಚಿನ್ನು ಅಂತ ಮನೆಯಲ್ಲಿ ಕರೆಯುವ ಮಗುವಿಗೆ 'ಇನ್ ಯು'. ಇಂಥ ಜೋಡಿ ತಮಾಷೆಯ ಪದ್ಯಕ್ಕೆ ಚೆಂದ. ಗಂಭೀರ ಪದ್ಯದಲ್ಲಿ ಹಾಕಿದರೆ ಕೇಳುವವರು ನಗುತ್ತಾರೆ.

ಮನೆಯ ಹೆಸರು ಅಂದೆನಲ್ಲ. ಶಾಲೆಯ ಹೆಸರು ಸೋತಲ್ಲಿ ಮನೆಯ ಹೆಸರು ಗೆಲ್ಲುವುದು ಎಷ್ಟೋ ಸಲ. ಸಾಗರ, ಹೊಸನಗರದ ಕಡೆ ಮಗುವನ್ನು ಮುದ್ದಿನಿಂದ 'ಅಪ್ಪಿ' ಅಂತ ಕರೆಯುತ್ತಾರೆ. ಅಪ್ಪಿಗೆ ಪಪ್ಪಿ ಇದೆ, ಗಪ್ಪಿ ಎಂಬ ಪುಟ್ಟ ಮೀನಿದೆ. ಪುಟ್ಟಿಗೆ ಫುಟಿ ಇದೆ, ಬ್ರಿಟನ್ನಿನವರು ಫುಟ್‌ಬಾಲಿಗೆ ಹಾಗನ್ನುತ್ತಾರೆ. ಸ್ವಾಮಿ ಎಂದು ಕರೆಸಿಕೊಳ್ಳುವವರಿಗೆ ಸುನಾಮಿ, ಒರಿಗಾಮಿ. ಇಬ್ಬರೂ ಜಪಾನಿನಿಂದ ಬಂದ ನೆಂಟರು.

ಪ್ರಾಸದ ನಿಘಂಟುಗಳ ಮಾತು ಬೇಗ ಹೇಳಿ ಮುಗಿಸುತ್ತೇನೆ. ಜಾನ್ ವಾಕರ್ ಎಂಬವನು 1775ರಲ್ಲಿ ಇಂಗ್ಲಿಷ್ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದುಹಿಂದಕ್ಕೆ ಜೋಡಿಸಿ ಒಂದು ನಿಘಂಟು ಮಾಡಿದ. ಒಂದೇ ಥರ ಮುಗಿಯುವ ಪದಗಳು ಒಂದೇ ಕಡೆ ಸಿಗಲಿ ಅಂತ. ಆದರೆ ಅದು ಸ್ಪೆಲ್ಲಿಂಗಿನ ಕ್ರಮ. ಈಗಿನ ಕಂಪ್ಯೂಟರ್ ಸಲಕರಣೆಗಳಲ್ಲಿ ಹಲವು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟನ್ನು ಬಳಸುತ್ತವೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದವನ್ನೂ 39 ಸದ್ದುಗಳಲ್ಲಿ ಒಡೆದು ಬರೆದಿದ್ದಾರೆ. ಪ್ರತಿ ಸ್ವರದ ಪಕ್ಕ ಒಂದು ಅಂಕಿ ಇರುತ್ತದೆ. 1 ಅಂದರೆ ಮುಖ್ಯ ಒತ್ತು, 2 ಅಂದರೆ ಸಣ್ಣ ಒತ್ತು, 0 ಅಂದರೆ ಒತ್ತಿಲ್ಲ. ಒತ್ತು ಬಿದ್ದ ಸ್ವರದಿಂದ ಕೊನೆಯವರೆಗಿನ ಸದ್ದುಗಳನ್ನು ಕತ್ತರಿಸಿ, ಅದೇ ತುಂಡು ಇನ್ಯಾವ ಪದದಲ್ಲಿದೆ ಅಂತ ನೋಡಿದರೆ ಪ್ರಾಸದ ಪಟ್ಟಿ ಸಿದ್ಧ. ನಾವು ಬಾಲ ಅಂದದ್ದನ್ನೇ ಕಂಪ್ಯೂಟರ್ ಕೂಡ ಮಾಡುತ್ತದೆ.

ರೈಮ್‌ಜೋನ್ ಥರದ ಸಲಕರಣೆಯಲ್ಲಿ ನಮ್ಮ ಹೆಸರನ್ನೇ ಹಾಕಿದರೆ ಬಹಳಷ್ಟು ಸಲ ಏನೂ ಬರುವುದಿಲ್ಲ, ಇಲ್ಲವೇ ತಪ್ಪು ಉಚ್ಚಾರಣೆಯ ಜೋಡಿ ಬರುತ್ತದೆ. ಅದಕ್ಕೆ ಉಪಾಯ ಇದೆ. ಹೆಸರಿನದ್ದೇ ಬಾಲ ಇರುವ ಒಂದು ಇಂಗ್ಲಿಷ್ ಪದವನ್ನು ನಿಮ್ಮ ಕಿವಿಯಿಂದ ಹಿಡಿಯಿರಿ. ನವೀನ್ ಬದಲು ಗ್ರೀನ್ ಹಾಕಿ. ವಿನಯ್ ಬದಲು ಸ್ಕೈ ಹಾಕಿ. ಸುರೇಶನಿಗೆ ರೇಸ್ ಹಾಕಿ. ಪಟ್ಟಿ ಪೂರ್ತಿ ತೆರೆದುಕೊಳ್ಳುತ್ತದೆ. ಒಂದು ಮಾತು ನೆನಪಿರಲಿ: ಆ ನಿಘಂಟು ಅಮೆರಿಕದ ಉಚ್ಚಾರಣೆಯದ್ದು, ರಕಾರ ಇರುವ ಬಾಲ ಬೇರೆ, ಇಲ್ಲದ ಬಾಲ ಬೇರೆ ಅಂತ ಅದು ಎಣಿಸುತ್ತದೆ. ಗಂಗಾಗೆ ಹಂಗರ್ ಹೊಂದುತ್ತದೆ ಅನ್ನುವುದನ್ನು ಅದು ತಾನಾಗಿ ಹೇಳುವುದಿಲ್ಲ.

ಪದ ಸಿಕ್ಕಿತು. ಈಗ ಅದನ್ನು ಸಾಲಿನಲ್ಲಿ ಕೂರಿಸಬೇಕು. ಹೆಸರನ್ನು ಎರಡನೇ ಸಾಲಿನ ಕೊನೆಗೆ ಇಡುವುದು ಒಳ್ಳೆಯದು. ಮೊದಲ ಸಾಲು ಸದ್ದನ್ನು ಕಿವಿಗೆ ಹಾಕಿರುತ್ತದೆ, ಹೆಸರು ಬಂದಾಗ ಕಿವಿ ಅದಕ್ಕೆ ಕಾದಿರುತ್ತದೆ. ಹೆಸರನ್ನು ಮೊದಲು ಇಟ್ಟರೆ, ಮುಂದೆ ಬರುವ ಪದ ಪ್ರಾಸಕ್ಕಾಗಿ ಎಳೆದು ತಂದದ್ದು ಅಂತ ಎದ್ದು ಕಾಣುತ್ತದೆ.

ಶ್ರೇಯಾ ಎಂಬ ಹೆಸರು ತಗೊಳ್ಳಿ. ಭಾರ 'ಶ್ರೇ' ಮೇಲೆ, ಬಾಲ 'ಏಯಾ'. ಪ್ಲೇಯರ್, ಲೇಯರ್ ಹತ್ತಿರ ಬರುತ್ತವೆ. ಹಿಮಾಲಯವನ್ನು ಇಂಗ್ಲಿಷಿನವರು 'ಹಿಮಲೇಯ' ಅನ್ನುವುದರಿಂದ ಅದೂ ಆಗುತ್ತದೆ. ಹುಡುಗಿ ಕಬಡ್ಡಿ ಟೀಮಿನವಳು ಅಂದುಕೊಂಡರೆ ಪ್ಲೇಯರ್ ಸರಿ. ಕೊನೆಯ ರಕಾರವನ್ನು ಸ್ವಲ್ಪ ಮೆತ್ತಗೆ ಓದಿದರೆ ಸಾಕು.

ಎವ್ರಿ ಟೀಮ್ ವಾಂಟ್ಸ್ ಸಚ್ ಎ ಪ್ಲೇಯರ್,
ರನ್ ಅಂಡ್ ವಿನ್ ದ ಗೇಮ್, ಡಿಯರ್ ಶ್ರೇಯಾ.

ಕೈತಟ್ಟುತ್ತಾ ಓದಿ. ಮೊದಲ ಸಾಲಿನಲ್ಲಿ ಎವ್, ಟೀಮ್, ಸಚ್, ಪ್ಲೇ. ಎರಡನೆಯದರಲ್ಲಿ ರನ್, ವಿನ್, ಗೇಮ್, ಶ್ರೇ. ನಾಲ್ಕು ತಟ್ಟು, ನಾಲ್ಕು ತಟ್ಟು. ಕೊನೆಯ ತಟ್ಟು ಎರಡು ಕಡೆಯೂ ಬಾಲದ ಮೊದಲ ಸ್ವರದ ಮೇಲೇ ಬಿದ್ದಿದೆ. ಹೀಗೆ ಬೀಳದಿದ್ದರೆ ಪ್ರಾಸ ಇದ್ದೂ ಕೇಳಿಸುವುದಿಲ್ಲ. ಒಂದು ಸಾಲಿಗೆ ಐದು ತಟ್ಟು ಬಂದರೆ ಅಲ್ಲಿ ಒಂದು ಪದ ಜಾಸ್ತಿ ಇದೆ ಅಂತ ಅರ್ಥ. ತೆಗೆದು ಮತ್ತೆ ಓದಿ. ತಟ್ಟು ತಪ್ಪಿದಾಗ ಸಾಲಿನ ಬೇರೆ ಪದಗಳನ್ನು ಬದಲಿಸಿ, ಹೆಸರನ್ನು ಮಾತ್ರ ಎಳೆಯಬೇಡಿ, ಕುಗ್ಗಿಸಬೇಡಿ. ಆಮೇಲೆ ಶ್ರೇಯಾಳ ಮನೆಯವರು ಯಾರಾದರೂ ಒಬ್ಬರ ಹತ್ತಿರ ಅದನ್ನು ಒಂದು ಸಲ ಓದಿಸಿ. ಅವರ ಬಾಯಲ್ಲಿ ಹೆಸರು ಸಲೀಸಾಗಿ ಬಂದರೆ ಕಾರ್ಡಿಗೆ ಇಳಿಸಬಹುದು.